ಹನ್ನೆರಡನೆಯ ಪದ

ಬಾಯ್ಲರ್ ಕೆಟ್ಟಿದೆ ಎಂದು ಮೂರು ಸಲ ಚೀಟಿ ಬರೆದವಳು ನಾನು. ಬಾಯ್ಲರ್ ಸರಿಯಾಗೇ ಇತ್ತು ಎಂದು ಕಾಗದ ಬರೆದವಳೂ ನಾನೇ. ಎರಡನ್ನೂ ಒಂದೇ ಪೆನ್ನಿನಲ್ಲಿ ಬರೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ಅಷ್ಟರಲ್ಲಿ ನೀವು ನನ್ನನ್ನು ಒಳ್ಳೆಯವಳು ಅಂದುಕೊಂಡಿರುತ್ತೀರಿ.

ನಾವು ಆಸ್ಪತ್ರೆಯ ಬಟ್ಟೆ ಒಗೆಯುವವರು. ನೆಲಮಾಳಿಗೆಯಲ್ಲಿ ಎರಡು ಕೋಣೆಗಳಿವೆ. ನಡುವಿನ ಗೋಡೆಯಲ್ಲಿ ಮೂರು ದೊಡ್ಡ ಯಂತ್ರಗಳು. ಒಂದೊಂದಕ್ಕೂ ಎರಡು ಬಾಗಿಲು. ಆಚೆ ಕೋಣೆಯಿಂದ ಕೊಳೆ ಬಟ್ಟೆ ತುಂಬುತ್ತಾರೆ, ಈಚೆ ಕೋಣೆಯಲ್ಲಿ ಒಗೆದದ್ದನ್ನು ಎಳೆದು ತೆಗೆಯುತ್ತಾರೆ. ಈಚೆ ನಾವು ಹನ್ನೊಂದು ಜನ ಹೆಂಗಸರು. ಒಣಗಿಸುವವರು, ಇಸ್ತ್ರಿಯವರು, ಮಡಿಸುವವರು, ಹರಿದದ್ದನ್ನು ಹೊಲಿಯುವವಳು. ಆಚೆ ಒಬ್ಬಳೇ. ಅವಳನ್ನು ಆಚೆಯವಳು ಅನ್ನುತ್ತಿದ್ದೆವು. ಅವಳಿಗೂ ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ದಿನಾ ಆ ಹೆಸರು ಬರೆಯುತ್ತಿದ್ದವಳು ನಾನೇ. ಕರೆಯುವಾಗ ಮಾತ್ರ ಅದು ನನ್ನ ನಾಲಿಗೆಗೂ ಬರುತ್ತಿರಲಿಲ್ಲ.

ರಕ್ತ, ಕೀವು, ವಾಂತಿ, ಮಲ, ಎಲ್ಲ ಮೊದಲು ಅವಳ ಕೈಗೆ ಬರುತ್ತಿತ್ತು. ಒಂದೊಂದು ಹಾಸು ಬಿಡಿಸಿ ಕೊಡವಬೇಕು. ಮಡಿಕೆಯಲ್ಲಿ ಸೂಜಿ ಇರುತ್ತದೆ. ಕತ್ತರಿ ಇರುತ್ತದೆ. ಒಮ್ಮೆ ಯಾರದೋ ಕಾಲ್ಬೆರಳು ಸಿಕ್ಕಿತ್ತು. ಅವಳ ಕೈಗವಸಿನ ಎರಡು ಬೆರಳು ಯಾವಾಗಲೂ ಹರಿದೇ ಇರುತ್ತಿದ್ದವು. ಕುಡಿಯುವ ನೀರಿನ ಕೊಡ ನಮ್ಮ ಕಡೆ ಇತ್ತು. ಅವಳು ಬಾಗಿಲಲ್ಲಿ ನಿಂತು ಬಾಟಲಿ ಒಡ್ಡಿದರೆ ನನ್ನ ಅತ್ತಿಗೆ ಮೇಲಿನಿಂದ ಸುರಿಯುತ್ತಿದ್ದಳು. ಬಾಟಲಿಯ ಬಾಯಿಗೆ ಚೊಂಬು ತಾಗಬಾರದು. ರೋಗ ಅಂಟೀತು ಅನ್ನುವುದು ನೆಪ. ಅವಳು ಒಗೆಯಲು ಹಾಕಿದ ಬಟ್ಟೆಯನ್ನೇ ನಾವು ಎದೆಗೆ ಅವುಚಿಕೊಂಡು ಮಡಿಸುತ್ತಿದ್ದೆವು, ಆಗ ಯಾವ ರೋಗವೂ ಅಂಟುತ್ತಿರಲಿಲ್ಲ. ಊಟಕ್ಕೆ ಅವಳು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಸೊಂಟ ಮುರಿದುಕೊಂಡು ಮಲಗಿ ಐದು ವರ್ಷ. ನಾವು ಮೂವರೂ ಒಂದೇ ಕೋಣೆಯಲ್ಲಿದ್ದೆವು. ಮನೆ ಒಡೆಯ ಕಟ್ಟಡ ಕೆಡವುತ್ತೇನೆ, ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ ಅಂದಿದ್ದ. ಬೇರೆ ಕೋಣೆಗೆ ಮುಂಗಡ ಕೊಡಬೇಕು. ಅತ್ತಿಗೆ ಅದಕ್ಕೇ ಕೂಡಿಡುತ್ತಿದ್ದಳು. ಕೂಡಿಡುವುದು ಎಲ್ಲಿ?

ಬ್ಯಾಂಕಿಗೆ ಹೋಗಿದ್ದೆವು. ನಾಲ್ಕು ಜನ, ಒಂದು ದಿನದ ಕೂಲಿ ಬಿಟ್ಟು. ಕೌಂಟರಿನವನು ಹೆಬ್ಬೆರಳನ್ನು ಯಂತ್ರದ ಮೇಲೆ ಇಡಿ ಅಂದ. ಯಂತ್ರ ಕೀ ಅಂದಿತು. ಇನ್ನೊಂದು ಬೆರಳು ಇಡಿ ಅಂದ. ಮತ್ತೆ ಕೀ. ಸೋಡಾ, ಬ್ಲೀಚು, ಬಿಸಿ ಇಸ್ತ್ರಿ ಸೇರಿ ನಮ್ಮ ಬೆರಳಿನ ಗೆರೆಗಳನ್ನು ತಿಂದುಹಾಕಿದ್ದವು. ಅವನು ಮೂಗು ಮುರಿದು, "ಕೈ ತೊಳ್ಕೊಂಡು ಬನ್ನಿ" ಅಂದ.

"ತೊಳೆದೂ ತೊಳೆದೂ ತಾನೇ ಸ್ವಾಮಿ ಹಿಂಗಾಗಿರೋದು" ಅಂದಳು ಅತ್ತಿಗೆ.

ಸಾಲಿನಲ್ಲಿದ್ದವರು ನಕ್ಕರು. ನಾವೂ ನಕ್ಕೆವು.

ಮೂಲೆ ಅಂಗಡಿಯ ಮೊಬೈಲ್ ರಿಪೇರಿಯವನಿಗೆ ನಮ್ಮ ಕಥೆ ಗೊತ್ತಾಯಿತು. ಅವನೇ ಕಾಯಿನ್ ವಿಷಯ ಹೇಳಿದವನು. ಕೈಗೆ ಸಿಗುವ ನಾಣ್ಯವಲ್ಲ, ಫೋನಿನೊಳಗೇ ಇರುವ ದುಡ್ಡು. ಕ್ರಿಪ್ಟೋ ಅಂದ. ಅವನ ಅಣ್ಣ ಬೇರೆ ದೇಶದಲ್ಲಿ ಕಟ್ಟಡ ಕೆಲಸ ಮಾಡುತ್ತಾ ಮನೆಗೆ ಅದರಲ್ಲೇ ದುಡ್ಡು ಕಳಿಸುತ್ತಿದ್ದನಂತೆ. ಇಸ್ತ್ರಿ ಮಾಡಿ ಊದಿದ ಕಾಲುಗಳನ್ನು ಚಾಚಿಕೊಂಡು ನಾವು ಅವನ ಅಂಗಡಿ ಕಟ್ಟೆಯ ಮೇಲೆ ಕೂತೆವು. ಅವನು ಸ್ಕ್ರೂ ಬಿಚ್ಚುತ್ತಲೇ ವಿವರಿಸಿದ.

"ಮೂರು ದಾರಿ ಇದೆ. ದಿನಾ ಬಡ್ಡಿ ಕೊಡ್ತೀವಿ, ನಾಲ್ಕು ಜನರನ್ನ ಸೇರ್ಸಿ ಅನ್ನೋರು ಇದಾರೆ. ಆ ಕಡೆ ತಲೆ ಹಾಕಿ ಕೂಡ ಮಲಗಬೇಡಿ. ಎರಡನೇದು, ಒಂದು ಕಂಪನಿ ಆ್ಯಪಿನಲ್ಲಿ ಇಡೋದು. ಅವರೂ ಗುರುತಿನ ಚೀಟಿ, ಮುಖ, ಬೆರಳು ಎಲ್ಲ ಕೇಳ್ತಾರೆ. ಕಂಪನಿ ಬಾಗಿಲು ಹಾಕಿದ್ರೆ ನಿಮ್ಮ ದುಡ್ಡಿಗೂ ಬಾಗಿಲು. ಮೂರನೇದು, ನಿಮ್ಮ ಫೋನಲ್ಲೇ ನೀವೇ ಇಟ್ಕೊಳೋದು. ಯಾರ ಅಪ್ಪಣೆನೂ ಬೇಡ. ಆದ್ರೆ ಕಳ್ಕೊಂಡ್ರೆ ಅಳೋಕೂ ಯಾರೂ ಸಿಗಲ್ಲ."

"ನಡುವೆ ಯಾರೂ ದೊರೆಗಳು ಇಲ್ವಾ?" ಮಡಿಸುವವಳು ಕೇಳಿದಳು.

"ಇಲ್ಲ."

"ಹಂಗಾದ್ರೆ ಅದೇ ಇರ್ಲಿ. ದೊರೆಗಳು ನಮಗೆ ಆಗಲೇ ಜಾಸ್ತಿ ಇದಾರೆ."

ಕಾಯಿನ್‌ಗಳಲ್ಲೂ ಬಗೆಬಗೆ ಇತ್ತು. ಒಂದು ವಾರಕ್ಕೊಮ್ಮೆ ಏರಿ ಬೀಳುವಂಥದ್ದು. ಇನ್ನೊಂದು ಡಾಲರಿಗೆ ಕಟ್ಟಿಹಾಕಿದ್ದು, ಹೆಚ್ಚು ಕುಣಿಯದು. ಎದೆ ಹೊಡೆದುಕೊಳ್ಳುವ ಕೆಲಸ ಬೇಡ ಎಂದು ಎರಡನೆಯದನ್ನೇ ಆರಿಸಿದೆವು. ಅವನಿಗೆ ಕೈಯಲ್ಲಿ ದುಡ್ಡು ಕೊಟ್ಟರೆ ಅವನು ನನ್ನ ಫೋನಿಗೆ ಕಳಿಸುವನು. ಓದು ಬರುತ್ತಿದ್ದವಳು ನಾನೊಬ್ಬಳೇ, ಒಳ್ಳೆಯ ಫೋನ್ ಇದ್ದದ್ದೂ ನನಗೊಬ್ಬಳಿಗೇ.

ಫೋನ್ ಹಾಳಾದರೆ ದುಡ್ಡನ್ನು ಬೇರೆ ಫೋನಿಗೆ ತರಲು ಹನ್ನೆರಡು ಇಂಗ್ಲಿಷ್ ಪದಗಳು ಇರುತ್ತವೆ, ಅವನ್ನು ಜೋಪಾನ ಮಾಡಿ ಅಂದ. ಹನ್ನೆರಡೂ ಒಬ್ಬರ ಹತ್ತಿರ ಇದ್ದರೆ ಅವರೇ ಒಡತಿ. ನಮಗೆ ಅದು ಆಗಿಬರಲಿಲ್ಲ. ತಲೆಗೊಂದು ಪದ ಹಂಚಿಕೊಳ್ಳೋಣ ಅಂದೆವು. ಆಮೇಲೆ ನೋಡಿದರೆ ನಾವು ಹನ್ನೊಂದು ಜನ.

"ನೀನೇ ಎರಡು ಇಟ್ಕೋ" ಅಂದಳು ಅತ್ತಿಗೆ ನನಗೆ.

"ಅತ್ತಿಗೆ ನಾದಿನಿ ಸೇರಿದ್ರೆ ಒಂದೇ ಮನೇಲಿ ಮೂರಾಯ್ತು. ಆಮೇಲೆ ನಾವು ನಿಮ್ಮನೆ ಬಾಗಿಲಿಗೆ ಬಂದು ಕೈ ಕಟ್ಕೊಂಡು ನಿಂತ್ಕೋಬೇಕಾ?" ಮಡಿಸುವವಳು ಬಿಡಲಿಲ್ಲ.

ಯಾರಿಗೂ ಯಾರ ಕೈಯಲ್ಲೂ ಎರಡು ಪದ ಇರುವುದು ಬೇಡವಾಗಿತ್ತು. ಆಗ ಯಾರೋ ಅಂದರು, ಆಚೆಯವಳನ್ನ ಕರೀರಿ. ಹತ್ತು ವರ್ಷದಲ್ಲಿ ನಾವು ಅವಳನ್ನು ಈಚೆ ಕರೆದದ್ದು ಅದೇ ಮೊದಲು. ಒಂದು ತಲೆ ಕಮ್ಮಿ ಬಿದ್ದಿತ್ತು, ಅದಕ್ಕೆ ಕರೆದೆವು.

ಅವಳು ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿದಳು.

"ನನ್ನ ದುಡ್ಡು ನಿಮ್ಮ ದುಡ್ಡು ಎಲ್ಲ ಒಂದೇ ಕಡೆ ಇರತ್ತಾ ಅಕ್ಕ?"

"ಒಂದೇ ಕಡೆ."

"ಒಂದಕ್ಕೊಂದು ತಾಗಿದ್ರೆ ಪರವಾಗಿಲ್ವಾ?"

ಅವಳೇ ನಕ್ಕಳು. ನಾವು ನಗಲಿಲ್ಲ. ಆ ತಿಂಗಳಿಂದ ಅವಳೂ ನಮ್ಮಷ್ಟೇ ಹಾಕಿದಳು, ಒಂದು ತಿಂಗಳೂ ತಪ್ಪಿಸಲಿಲ್ಲ.

ಹರಿದ ಹಾಸಿನಿಂದ ಹನ್ನೆರಡು ಪಟ್ಟಿ ಕತ್ತರಿಸಿದೆವು. ಬಟ್ಟೆಗೆ ವಾರ್ಡಿನ ಗುರುತು ಹಾಕುವ ಮಸಿಯಿದೆ, ಎಷ್ಟು ಒಗೆದರೂ ಹೋಗದು. ಅದರಲ್ಲಿ ನಾನು ಒಂದೊಂದು ಪಟ್ಟಿಗೆ ಒಂದು ಅಂಕಿ, ಒಂದು ಪದ ಬರೆದೆ. ಬರೆದೆ ಅನ್ನುವುದಕ್ಕಿಂತ ಅಕ್ಷರಗಳನ್ನು ನೋಡಿ ನೋಡಿ ಇಳಿಸಿದೆ, ಒಂದು ಪದವೂ ತಲೆಯಲ್ಲಿ ಉಳಿಯಲಿಲ್ಲ. ಮಡಚಿ ಬಕೆಟ್ಟಿಗೆ ಹಾಕಿ ಒಬ್ಬೊಬ್ಬರೂ ಎತ್ತಿದೆವು. ಒಳಲಂಗದ ಅಂಚಿನೊಳಗೆ ಇಟ್ಟು ಹೊಲಿದುಕೊಂಡೆವು. ಹನ್ನೆರಡನೆಯದು ಆಚೆಯವಳಿಗೆ ಬಂತು.

ಇಲ್ಲಿ ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಹನ್ನೆರಡು ಜನ ಸೇರದೆ ದುಡ್ಡು ಅಲ್ಲಾಡುವುದಿಲ್ಲ ಎಂದು ಅವರೆಲ್ಲ ನಂಬಿದ್ದರು. ಸುಳ್ಳು. ಫೋನ್ ಬದುಕಿರುವವರೆಗೆ ಅದನ್ನು ತೆರೆಯುವ ನನ್ನೊಬ್ಬಳ ಗುಟ್ಟಿನ ನಂಬರ್ ಸಾಕಿತ್ತು. ಇದು ನನಗೆ ಮೊದಲ ದಿನವೇ ತಿಳಿಯಿತು. ಕದಿಯುವ ಮನಸ್ಸು ಮಾಡಲಿಲ್ಲ. ಆದರೆ ಅವರಿಗೆ ಹೇಳಲೂ ಇಲ್ಲ. ಎಲ್ಲರ ದುಡ್ಡೂ ನನ್ನ ಜೇಬಿನಲ್ಲಿದೆ ಅನ್ನುವುದೇ ನನಗೆ ಒಂದು ಸುಖವಾಗಿತ್ತು.

ಬಾಯ್ಲರ್ ಕೆಟ್ಟದ್ದು ಅದಾಗಿ ಒಂಬತ್ತು ತಿಂಗಳಿಗೆ.

"ಅಕ್ಕ, ನೀರು ಕಾಯ್ತಿಲ್ಲ. ಬಟ್ಟೆ ತಣ್ಣೀರಲ್ಲೇ ಸುತ್ತುತ್ತಿದೆ. ಒಂದು ಚೀಟಿ ಬರೆದುಕೊಡು" ಎಂದು ಆಚೆಯವಳು ಬಂದಳು. ಬರೆದೆ. ಮ್ಯಾನೇಜರ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಐದನೇ ದಿನ ಇನ್ನೊಂದು ಬರೆದೆ. ಎಂಟನೇ ದಿನ ಮತ್ತೊಂದು. ಬಿಸಿನೀರಿಲ್ಲದೆ ಹನ್ನೊಂದು ದಿನ ಯಂತ್ರಗಳು ತಿರುಗಿದವು. ಯಂತ್ರದಿಂದ ಎಳೆದ ಬಟ್ಟೆ ತಣ್ಣಗಿರುತ್ತಿತ್ತು. ನಮ್ಮ ಹನ್ನೊಂದು ಜನರ ಕೈಗೂ ಅದು ಗೊತ್ತಿತ್ತು.

ಆಪರೇಷನ್ ಆದ ಆರು ಜನರ ಹೊಲಿಗೆ ಕೀವಾಯಿತು. ಮೇಲಿನವರು ವಿಚಾರಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಮ್ಯಾನೇಜರ್ ನನ್ನೊಬ್ಬಳನ್ನೇ ಕೋಣೆಗೆ ಕರೆಸಿದ. ಕುರ್ಚಿ ಕೊಟ್ಟ. ಅಲ್ಲಿ ಕುರ್ಚಿಯಲ್ಲಿ ಕೂತದ್ದು ನಾನು ಅದೇ ಮೊದಲು. ಅಷ್ಟಕ್ಕೇ ಅರ್ಧ ಕರಗಿಹೋದೆ.

"ಯಾರದಾದ್ರೂ ತಪ್ಪು ಇರಲೇಬೇಕಲ್ಲಮ್ಮ. ಹನ್ನೊಂದು ಜನರ ಕೆಲಸ ಹೋಗಬೇಕಾ, ಒಬ್ಬಳದ್ದಾ? ನೀನೇ ಹೇಳು. ನೀನು ಓದಿದವಳು."

ಓದಿದವಳು ಅಂದದ್ದಕ್ಕೆ ಉಳಿದರ್ಧವೂ ಹೋಯಿತು. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಬಾಯ್ಲರ್ ಸರಿಯಿತ್ತು. ಬೇಗ ಮನೆಗೆ ಹೋಗುವ ಆಸೆಗೆ ಕೊಳೆ ಕೋಣೆಯ ಕೆಲಸದವಳು ಬಿಸಿನೀರಿನ ಗುಂಡಿ ಒತ್ತದೆ ಯಂತ್ರ ಓಡಿಸಿದಳು. ಮೊದಲ ಸಹಿ ನನ್ನದು. ಕೆಳಗೆ ತಂದು ಎಲ್ಲರಿಗೂ ಓದಿ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಹತ್ತು ಕಪ್ಪು ಮಚ್ಚೆ, ಒಂದರಲ್ಲೂ ಒಂದು ಗೆರೆ ಇಲ್ಲ. ಬ್ಯಾಂಕಿಗೆ ಬೇಡವಾದ ಹೆಬ್ಬೆಟ್ಟು ಮ್ಯಾನೇಜರಿಗೆ ಸಾಕಾಯಿತು.

ಅವಳನ್ನು ನಮ್ಮ ಎದುರಿಗೇ ತೆಗೆದುಹಾಕಿದರು. ಅವಳು ಬಾಟಲಿ ಹಿಡಿದುಕೊಂಡು ನೀರಿಗೆ ಬಂದಿದ್ದಳು. ಮ್ಯಾನೇಜರ್ ಕಾಗದ ಓದಿದ. ಅವಳು ಅವನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಅಕ್ಕ, ಆ ಚೀಟಿಗಳು?"

"ಯಾವ ಚೀಟಿ?" ಅಂದೆ.

ಕಾವಲುಗಾರ ಅವಳ ಚೀಲ ಕೆದಕಿ ನೋಡಿದ, ಆಸ್ಪತ್ರೆಯ ಬಟ್ಟೆ ಇದೆಯೇನೋ ಎಂದು. ತಟ್ಟೆ, ಬಾಚಣಿಗೆ, ಹರಿದ ಕೈಗವಸು ನೆಲಕ್ಕೆ ಬಿದ್ದವು. ಅವಳು ಕೂತು ಎತ್ತಿಕೊಂಡಳು. ನಾವು ಹನ್ನೊಂದು ಜನ ಇಸ್ತ್ರಿ ಮಾಡುತ್ತಾ ನಿಂತಿದ್ದೆವು.

ಬಾಯ್ಲರನ್ನು ಹನ್ನೆರಡನೇ ದಿನವೇ ಸದ್ದಿಲ್ಲದೆ ರಿಪೇರಿ ಮಾಡಿಸಿದ್ದರು. ಆಚೆ ಕೋಣೆಗೆ ಹೊಸಬರು ಯಾರೂ ಸಿಗಲಿಲ್ಲ. ಸಿಗುವವರೆಗೆ ನೀನು ನೋಡಿಕೋ ಎಂದು ಮ್ಯಾನೇಜರ್ ನನ್ನನ್ನೇ ಅಲ್ಲಿಗೆ ತಳ್ಳಿದ. ಈ ಸಲ ಕುರ್ಚಿ ಕೊಡಲಿಲ್ಲ.

ಮೊದಲ ದಿನ ಮೂರು ಸಲ ವಾಂತಿ ಮಾಡಿದೆ. ಎರಡನೇ ದಿನ ಅಂಗೈಗೆ ಸೂಜಿ ಹೊಕ್ಕಿತು. ಮೂರನೇ ದಿನ ಬಾಯಾರಿ ಬಾಗಿಲಿಗೆ ಬಂದೆ. ಅತ್ತಿಗೆ ಚೊಂಬನ್ನು ಎತ್ತಿ ಹಿಡಿದು ಮೇಲಿನಿಂದ ನೀರು ಸುರಿದಳು. ಮನೆಯಲ್ಲಿ ನನ್ನ ತಟ್ಟೆಗೇ ಕೈ ಹಾಕಿ ತುತ್ತು ಎತ್ತುವವಳು. ಅವಳಿಗೆ ಅದು ಗೊತ್ತಾಗಲೂ ಇಲ್ಲ, ಕೈ ತಾನಾಗಿ ಮೇಲೆ ಹೋಗಿತ್ತು. ನಾನು ಬಾಟಲಿ ಹಿಡಿದುಕೊಂಡು ನಿಂತೆ. ಹತ್ತು ವರ್ಷ ಅವಳು ನಿಂತಿದ್ದ ಕಡೆ ನನ್ನ ಕಾಲುಗಳಿದ್ದವು.

ಆಚೆ ಕೋಣೆಗೆ ಒಂದು ನಿಯಮವಿದೆ. ಕೆಲಸ ಮುಗಿದ ಮೇಲೆ ಮೈಮೇಲಿನ ಏಪ್ರನ್ ಬಿಚ್ಚಿ ಅಲ್ಲೇ ಯಂತ್ರಕ್ಕೆ ಹಾಕಿ ಹೊರಗೆ ಬರಬೇಕು. ಈಚೆಯವರು ಏಪ್ರನ್ ವಾರಕ್ಕೊಮ್ಮೆ ಒಗೆಯುವುದು. ಇಪ್ಪತ್ತು ವರ್ಷ ಈಚೆ ಇದ್ದವಳ ಕೈಗೆ ಏಪ್ರನ್ ಜೇಬು ತಡವುವ ಅಭ್ಯಾಸವೇ ಇರಲಿಲ್ಲ. ಒಂಬತ್ತನೇ ದಿನ ಸುಸ್ತಾಗಿ ಬಿಚ್ಚಿ ಎಸೆದು, ಬಾಗಿಲು ಮುಚ್ಚಿ, ಬಿಸಿನೀರಿನ ಗುಂಡಿ ಒತ್ತಿದೆ. ಮುಕ್ಕಾಲು ಗಂಟೆಯ ಮೇಲೆ ಈಚೆ ಬಾಗಿಲಿನಿಂದ ಅತ್ತಿಗೆ ಬಟ್ಟೆ ಎಳೆದಳು. ಹಾಸುಗಳ ನಡುವೆ ನನ್ನ ಫೋನ್ ಕುದ್ದು ಬಂದಿತ್ತು.

ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಕೋಣೆ ಖಾಲಿ ಮಾಡಲು ಇಪ್ಪತ್ತು ದಿನ ಉಳಿದಿತ್ತು.

ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿದ. "ಇದು ಹೋಯ್ತು. ಪದ ತನ್ನಿ. ಹನ್ನೆರಡಿದ್ರೆ ಯಾವ ಫೋನಲ್ಲಾದ್ರೂ ತೆಗೀಬಹುದು."

ಹನ್ನೆರಡನೆಯದನ್ನು ತರಲು ನನ್ನನ್ನೇ ಕಳಿಸಿದರು. ಅವಳು ಗುಜರಿ ಗೋದಾಮಿನಲ್ಲಿದ್ದಳು. ಪ್ಲಾಸ್ಟಿಕ್ ಬಾಟಲಿಗಳ ರಾಶಿಯ ಮುಂದೆ ಕೂತು ಮುಚ್ಚಳ, ಬುಡ, ಕಾಗದ ಬೇರೆ ಬೇರೆ ಮಾಡುತ್ತಿದ್ದಳು. ನಾಲ್ಕು ಆಸ್ಪತ್ರೆಗೆ ಕೆಲಸ ಕೇಳಿ ಹೋಗಿದ್ದಳಂತೆ. ನಾಲ್ಕೂ ಕಡೆ ನಾನು ಬರೆದ ಕಾಗದ ಅವಳಿಗಿಂತ ಮೊದಲೇ ಹೋಗಿತ್ತು. ಫೋನಿನ ವಿಷಯ ಹೇಳಿದೆ. ಪದ ಬೇಕು ಅಂದೆ. ಬೇರೆ ಏನೂ ಹೇಳಲಿಲ್ಲ.

"ಕೊಡಲ್ಲ" ಅಂದಳು. ಕೈ ನಿಲ್ಲಿಸಲಿಲ್ಲ.

"ನಿನ್ನ ದುಡ್ಡೂ ಅದರಲ್ಲೇ ಇದೆ."

"ಮುಳುಗಲಿ. ತಣ್ಣೀರಿತ್ತು ಅಂತ ಹನ್ನೊಂದು ಜನಾನೂ ಮೇಲೆ ಹೋಗಿ ಹೇಳಿ. ಬರೆಸ್ಕೊಂಡು ಬನ್ನಿ. ಆಮೇಲೆ ನೋಡೋಣ."

ಅಕ್ಕ ಅನ್ನಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ.

ಅವಳ ಮಾತನ್ನು ಬಂದು ಹೇಳಿದಾಗ ರಿಪೇರಿಯವನ ಅಂಗಡಿ ಮುಂದೆ ಎಲ್ಲರೂ ಬಾಯಿಗೆ ಬಂದಂತೆ ಬೈದರು. ಅವಳಿಗೆಷ್ಟು ಕೊಬ್ಬು ಅಂದರು. ಆಗ ಅವನು ತಲೆ ಎತ್ತಿದ.

"ಒಂದೇ ಒಂದು ಪದ ಇಲ್ದೇ ಇರೋದಾ? ಹನ್ನೊಂದು ಸರಿಯಾಗಿ ಇದೆ ತಾನೇ? ಹಂಗಾದ್ರೆ ಅವಳ ಕಾಲು ಯಾಕೆ ಹಿಡೀತೀರ? ಆ ಪದಗಳ ಪಟ್ಟಿಯಲ್ಲಿ ಇರೋದೇ ಎರಡು ಸಾವಿರ ಚಿಲ್ಲರೆ. ಒಂದೊಂದೇ ಹಾಕಿ ನೋಡಿದ್ರೆ ಒಂದು ಕೂತೇ ಕೂರತ್ತೆ. ಕಂಪ್ಯೂಟರಲ್ಲಿ ಒಂದು ದಿನದ ಕೆಲಸ."

ಹತ್ತು ಮುಖಗಳೂ ಅರಳಿದವು. ಮಡಿಸುವವಳು ಚಪ್ಪಾಳೆಯನ್ನೇ ತಟ್ಟಿದಳು. "ಅವಳ ಹಂಗೇ ಬೇಡ ಹೋಗು!"

"ಅವಳ ಪಾಲು?" ನಾನು ಕೇಳಿದೆ.

"ಮುಳುಗಲಿ ಅಂತ ಅವಳೇ ಅಂದಳಲ್ಲ" ಅಂದಳು ಹೊಲಿಯುವವಳು.

ನಾನು ರಿಪೇರಿಯವನ ಕಡೆ ತಿರುಗಿದೆ. "ಎರಡು ಪದ ಇಲ್ಲದಿದ್ರೆ?"

"ಎರಡು ಇಲ್ಲ ಅಂದ್ರೆ ನಲವತ್ತು ಲಕ್ಷದ ಮೇಲೆ ಹಾಕಿ ನೋಡ್ಬೇಕು. ಅದು ನನ್ನ ಕೈಲಾಗೋ ಕೆಲಸ ಅಲ್ಲಮ್ಮ."

ಮಾರನೇ ದಿನ ಊಟದ ಹೊತ್ತಿಗೆ ಇಸ್ತ್ರಿ ಮೇಜಿನ ಸುತ್ತ ಎಲ್ಲರೂ ಅಂಚಿನ ಹೊಲಿಗೆ ಬಿಚ್ಚಿದರು. ಅತ್ತಿಗೆ ಒಂದೊಂದೇ ಪಟ್ಟಿಯನ್ನು ಮಡಿಲಿಗೆ ಹಾಕಿಕೊಂಡಳು. ಹತ್ತಾದವು.

"ನಿಂದು ಕೊಡು."

"ಕೊಡಲ್ಲ."

"ಆಟ ಆಡ್ಬೇಡ, ಕೊಡು."

"ಅವಳದ್ದು ಬಂದ ದಿನ ನಂದೂ ಬರತ್ತೆ. ಅವಳನ್ನ ಬಿಟ್ಟು ನಾನು ಕೊಡಲ್ಲ."

ಮಡಿಸುವವಳು ಸೊಂಟಕ್ಕೆ ಕೈಯಿಟ್ಟಳು. "ಅಯ್ಯೋ, ಈಗ ಬಂತು ನೋಡ್ರಮ್ಮ ಇವಳಿಗೆ ನ್ಯಾಯ! ಕಾಗದ ಬರೀವಾಗ ಎಲ್ಲಿಗೆ ಹೋಗಿತ್ತು?"

"ಎಲ್ಲಿಗೂ ಹೋಗಿರಲಿಲ್ಲ. ಇರಲೇ ಇಲ್ಲ. ಇನ್ನೊಂದು ವಿಷಯ ಕೇಳಿ. ಫೋನ್ ಚೆನ್ನಾಗಿದ್ದಾಗ ನಿಮ್ಮ ಯಾರ ಪದಾನೂ ಬೇಕಿರಲಿಲ್ಲ. ನಾನೊಬ್ಬಳೇ ಎಲ್ಲಾ ತೆಗೀಬಹುದಾಗಿತ್ತು. ನಿಮಗೆ ಹೇಳಲಿಲ್ಲ. ನಾನು ಅಂಥವಳೇ. ಆದ್ರೂ ಇದನ್ನ ಕೊಡಲ್ಲ."

ಅತ್ತಿಗೆ ಎದ್ದು ಬಂದು ಕೆನ್ನೆಗೆ ಹೊಡೆದಳು. ಸೋಡಾ ತಿಂದ ಅವಳ ಅಂಗೈ ಒರಟು.

"ನಿಮ್ಮಣ್ಣನ್ನ ಬೀದೀಲಿ ಮಲಗಿಸ್ತೀಯೇನೇ? ನಿನ್ನ ಸಾಕಿದ್ದಕ್ಕೆ ಇದಾ?"

"ಮಲಗಿಸಬೇಡಿ. ಮೇಲೆ ಬನ್ನಿ. ತಣ್ಣೀರಿತ್ತು ಅಂತ ಹೇಳಿ. ಒಂದು ಮಾತು, ಅಷ್ಟೇ."

"ಕೆಲಸ ಹೋದ್ರೆ?"

"ಅವಳದ್ದು ಹೋಯ್ತಲ್ಲ."

ಅವರು ನನ್ನ ಮೇಲೆ ಬಿದ್ದು ಕಸಿದುಕೊಳ್ಳಬಹುದಿತ್ತು. ಇಬ್ಬರು ಮುಂದೆ ಬಂದದ್ದೂ ನಿಜ. ಆದರೆ ನಾನು ಆಚೆ ಕೋಣೆಯ ಏಪ್ರನ್‌ನಲ್ಲಿದ್ದೆ, ಎದೆಯ ಮೇಲೆ ಯಾರದೋ ರಕ್ತ ಮೆತ್ತಿಕೊಂಡಿತ್ತು. ಮುಟ್ಟಲು ಹೇಸಿ ನಿಂತರು. ನಾನು ಆಚೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವಳಿಗಾಗಿ ಅತ್ತೆನೋ ಅಣ್ಣನಿಗಾಗಿ ಅತ್ತೆನೋ ಈಗಲೂ ಹೇಳಲಾರೆ.

ನಾಲ್ಕು ದಿನ ಮನೆಯಲ್ಲೂ ಮಾತಿಲ್ಲ. ಅಣ್ಣ ಮಲಗಿದಲ್ಲಿಂದಲೇ ಇಬ್ಬರ ಮುಖವನ್ನೂ ನೋಡುತ್ತಿದ್ದ. ಐದನೇ ದಿನ ಬೆಳಗ್ಗೆ ಎಂಟಕ್ಕೆ ಆಪರೇಷನ್ ಕೋಣೆಯ ಹಸಿರು ಬಟ್ಟೆ ಇಸ್ತ್ರಿಯಾಗಿ ಮೇಲೆ ಹೋಗಬೇಕಿತ್ತು. ಅತ್ತಿಗೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದ್ದು ಯಂತ್ರದ ಗಾಜಿನಿಂದ ನನಗೆ ಕಂಡಿತು.

"ನಡೀರಿ ಮೇಲೆ" ಅಂದಳು ಎಲ್ಲರಿಗೂ. ಬಾಗಿಲು ತೆಗೆದು ಬಂದ ನನ್ನನ್ನು ನೋಡಿ ಹೇಳಿದಳು, "ನಾನು ಬರ್ತಿರೋದು ದುಡ್ಡಿಗೆ. ಅವಳಿಗೂ ಅಲ್ಲ, ನಿನಗೂ ಅಲ್ಲ. ತಿಳ್ಕೋ."

ಮ್ಯಾನೇಜರ್ ಕೋಣೆಯಲ್ಲಿ ಹನ್ನೊಂದು ಜನಕ್ಕೆ ಜಾಗವಿರಲಿಲ್ಲ. ಐದಾರು ಜನ ಹೊರಗೇ ಉಳಿದರು. ನಾನು ಹೇಳಿದೆ. ಹನ್ನೊಂದು ದಿನ ನೀರು ಕಾಯಲಿಲ್ಲ ಸಾರ್, ಮೂರು ಚೀಟಿ ನಾನೇ ಬರೆದು ನಿಮ್ಮ ಕೈಗೆ ಕೊಟ್ಟಿದ್ದೆ, ಆಮೇಲೆ ಸುಳ್ಳು ಕಾಗದ ಬರೆದವಳೂ ನಾನೇ. ಪೂರ್ತಿ ಹೇಳಿದೆ.

"ಹನ್ನೊಂದು ಸಹಿ ಇದೆ ನನ್ನ ಹತ್ರ" ಎಂದು ಅವನು ನಕ್ಕ.

"ಅದನ್ನ ಒತ್ತಿದ ಕೈಗಳೇ ಇವು" ಅಂದಳು ಅತ್ತಿಗೆ. "ತಣ್ಣೀರೇ ಇತ್ತು."

"ತಣ್ಣೀರಿತ್ತು" ಅಂದಳು ಮಡಿಸುವವಳು. ಹೊರಗೆ ನಿಂತವರೂ ಅಂದರು.

"ಎಲ್ಲರನ್ನೂ ತೆಗೆದುಹಾಕ್ತೀನಿ."

"ತೆಗೀರಿ. ಹಸಿರು ಬಟ್ಟೆ ಕೆಳಗೆ ಮುದ್ದೆ ಬಿದ್ದಿದೆ. ನೀವೇ ಇಳಿದು ಇಸ್ತ್ರಿ ಮಾಡಿ. ಪೆಟ್ಟಿಗೆ ಎಡಗಡೆ ತಿರುಗಿಸಿದ್ರೆ ಶಾಕ್ ಹೊಡೆಯತ್ತೆ, ನೋಡ್ಕೊಳ್ಳಿ" ಎಂದು ಅತ್ತಿಗೆ ನೆಲದ ಮೇಲೆ ಕೂತಳು. ಎಲ್ಲರೂ ಕೂತರು.

ಒಂಬತ್ತಕ್ಕೆ ಆಪರೇಷನ್ ಕೋಣೆಯಿಂದ ಫೋನ್ ಬಂತು. ಒಂಬತ್ತೂ ಕಾಲಿಗೆ ಇನ್ನೊಂದು. ಮೂರನೆಯದರಲ್ಲಿ ಡಾಕ್ಟರ್ ಕೂಗಾಡುವುದು ನಮಗೂ ಕೇಳಿಸಿತು. ಮ್ಯಾನೇಜರ್ ಕಾಗದ ಎಳೆದುಕೊಂಡ. ತಪ್ಪು ಯಂತ್ರದ್ದು, ಕೆಲಸದವಳದ್ದಲ್ಲ, ಅವಳು ಸೋಮವಾರದಿಂದ ಕೆಲಸಕ್ಕೆ ಬರಬಹುದು ಎಂದು ಬರೆದ. ತನ್ನ ಜೇಬಿಗೆ ಹೋದ ಚೀಟಿಗಳ ಬಗ್ಗೆ ಬರೆಯಲಿಲ್ಲ. ಯಂತ್ರಕ್ಕೆ ಬಾಯಿಲ್ಲ ನೋಡಿ. ನಾನು ಅದನ್ನೂ ಬರೆಯಿರಿ ಅನ್ನಬೇಕಿತ್ತು. ಅಷ್ಟು ಹೊತ್ತಿಗೆ ನನ್ನ ಧೈರ್ಯ ಮುಗಿದಿತ್ತು.

ಸಂಜೆ ಮ್ಯಾನೇಜರ್ ಬರೆದುಕೊಟ್ಟ ಕಾಗದ ಹಿಡಿದು ಹನ್ನೊಂದು ಜನವೂ ಗೋದಾಮಿಗೆ ಹೋದೆವು. ಅವಳು ಓದು ಅಂದಳು. ಓದಿದೆ. ಇನ್ನೊಂದು ಸಲ ಅಂದಳು. ಮತ್ತೆ ಓದಿದೆ. ಕಾಗದ ಇಸಿದುಕೊಂಡು ಮಡಚಿ ಕುಪ್ಪಸದೊಳಗಿಟ್ಟಳು.

"ಕೆಲಸಕ್ಕೆ ಬರ್ತೀನಿ. ಆದ್ರೆ ಆಚೆಗಲ್ಲ. ಈಚೆಗೆ."

ಯಾರೂ ಉಸಿರೆತ್ತಲಿಲ್ಲ. ಅವಳ ಪರ ಮೇಲೆ ಹೋಗಿ ಕೂತು ಬಂದವರೇ. ಅವಳ ದುಡ್ಡು ತಮ್ಮದಕ್ಕೆ ತಾಗಿದರೆ ಅವರಿಗೆ ಅಡ್ಡಿಯಿರಲಿಲ್ಲ. ಅವಳು ಪಕ್ಕದಲ್ಲಿ ನಿಲ್ಲುವುದು ಬೇರೆ ಮಾತಾಗಿತ್ತು. ನಾನೂ ಸುಮ್ಮನಿದ್ದೆ. ಅವಳು ಈಚೆ ಬಂದರೆ ಸಾಯುವವರೆಗೂ ಆಚೆ ನಾನೇ. ಆ ಲೆಕ್ಕ ತಲೆಯಲ್ಲಿ ಓಡಿತು. ಓಡಬಾರದಿತ್ತು.

ಮಾತಾಡಿದ್ದು ಅತ್ತಿಗೆ. "ಬಾ. ನನ್ನ ಪಕ್ಕದ ಮೇಜು ಖಾಲಿ ಇದೆ. ಇವಳದ್ದು."

"ನೀರು?"

"ಕೊಡ ಅಲ್ಲೇ ಇರತ್ತೆ. ನೀನೇ ಬಗ್ಗಿಸ್ಕೊಂಡು ಕುಡಿ."

"ಇದೆಲ್ಲ ದುಡ್ಡಿಗೆ ಹೇಳ್ತಿದ್ದೀಯಾ?"

"ದುಡ್ಡಿಗೇ. ಗಂಡನ್ನ ಮಲಗಿಸೋಕೆ ಒಂದು ಸೂರು ಬೇಕು ನನಗೆ."

ಅವಳು ಲಂಗದ ಅಂಚು ಎತ್ತಿ, ಹಲ್ಲಿನಿಂದ ದಾರ ಕಚ್ಚಿ, ಪಟ್ಟಿ ಎಳೆದು ಅತ್ತಿಗೆಯ ಅಂಗೈಗಿಟ್ಟಳು. ಬೆರಳಿಗೆ ಬೆರಳು ತಾಗಿತು. ಅತ್ತಿಗೆ ಕೈ ಹಿಂದಕ್ಕೆಳೆಯಲಿಲ್ಲ. ನಾನು ನನ್ನ ಪಟ್ಟಿಯನ್ನು ಅದರ ಮೇಲಿಟ್ಟೆ. ಎಲ್ಲರೂ ರಿಪೇರಿಯವನ ಅಂಗಡಿ ಕಡೆ ಓಡೋಡಿ ಹೋದರು.

ನಾನು ಹೋಗಲಿಲ್ಲ. ಬಾಟಲಿ ರಾಶಿಯ ಪಕ್ಕ ನಿಂತೇ ಇದ್ದೆ. ಅವಳು ಕೂತು ಮುಚ್ಚಳ ತಿರುಗಿಸುತ್ತಿದ್ದಳು.

"ತಪ್ಪಾಯ್ತು ನಂದು" ಅಂದೆ.

"ಹ್ಞೂಂ."

"ಆಚೆ ಕೋಣೇಲಿ ನಾನೇ ಇರ್ತೀನಿ. ಇನ್ನು ಯಾವತ್ತೂ ಈಚೆ ಬರಲ್ಲ."

"ಇರು. ಯಾರೋ ಒಬ್ಬರು ಇರಲೇಬೇಕಲ್ಲ. ಒಳ್ಳೆ ಕೈಗವಸು ಕೇಳು, ಕೊಡ್ತಾರೆ."

ನಾನು ಕದಲಲಿಲ್ಲ. ಅವಳು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು.

"ನಿಮ್ಮತ್ತಿಗೆ ಪದ ಕೇಳೋಕೆ ಬಂದಳು, ಕೊಟ್ಟೆ. ನೀನು ಬಂದಿರೋದು ಬೇರೆ ಕೇಳೋಕೆ. ನಾನು 'ಹೋಗ್ಲಿ ಬಿಡು' ಅಂದ್ರೆ ನಿನಗೆ ನಿದ್ದೆ ಬರತ್ತೆ. ಅದನ್ನ ಕೊಡಲ್ಲ."

ಕತ್ತಲಾಗುವುದರೊಳಗೆ ಅವಳು ಆ ರಾಶಿ ಮುಗಿಸಬೇಕಿತ್ತು. ಮತ್ತೆ ಬಾಟಲಿ ಎತ್ತಿಕೊಂಡಳು.